ಯಜಮಾನರ ಮೂರು ಚೌಕ

ಊರಿನ ಜನ ಪತ್ರಿಕೆಯನ್ನು ಕೊನೆಯ ಪುಟದಿಂದ ಓದಲು ಕಲಿತದ್ದೇ ತಮ್ಮಿಂದ ಎಂಬುದು ನಮ್ಮ ಕಾರ್ಟೂನಿಸ್ಟರ ಗಟ್ಟಿ ನಂಬಿಕೆ. ಹದಿನೆಂಟು ವರ್ಷಗಳಿಂದ ಪದಬಂಧದ ಕೆಳಗೆ ಅವರ ‘ಯಜಮಾನರು’ ಮೂರು ಚೌಕಗಳಲ್ಲಿ ರಾರಾಜಿಸುತ್ತಿದ್ದರು. ಕ್ಷೌರದಂಗಡಿಯ ಕನ್ನಡಿಯ ಮೇಲೂ ಅವರೇ, ದಂತವೈದ್ಯರ ಗೋಡೆಯ ಮೇಲೂ ಅವರೇ. (ಹಲ್ಲುನೋವಿನವರನ್ನು ನಗಿಸುವುದೇನು ಸಾಮಾನ್ಯವೇ ಎಂದು ಹೆಂಡತಿಯನ್ನು ವಾರಕ್ಕೆರಡು ಸಲ ಕೇಳುತ್ತಿದ್ದರು.) ಮೂರನೆಯ ಚೌಕದಲ್ಲಿ ಗೆಲ್ಲುವುದು ಯಾವಾಗಲೂ ಯಜಮಾನರೇ. ಅದು ಅಲಿಖಿತ ಸಂವಿಧಾನ.

ಅಂಥವರ ಬುಡಕ್ಕೇ ಸಂಪಾದಕರು ಕೊಡಲಿ ಎತ್ತಿದರು. ಈಚೆಗೆ ಯಾರೂ ನಗುತ್ತಿಲ್ಲ, ಈ ಭಾನುವಾರದ ಕಾರ್ಟೂನಿಗೂ ಓದುಗರು ಉಸಿರೆತ್ತದಿದ್ದರೆ ಆ ಜಾಗ ಹವಾಮಾನ ವರದಿಗೆ ಎಂದುಬಿಟ್ಟರು. ಹದಿನೆಂಟು ವರ್ಷದ ಕೀರ್ತಿ ಒಂದು ಮೋಡದ ಚಿತ್ರಕ್ಕೆ ಸೋಲುವುದೇ? ಕಾರ್ಟೂನಿಸ್ಟರು ಊಟ ತಿಂಡಿಯನ್ನೆಲ್ಲ ಮೇಜಿಗೇ ತರಿಸಿಕೊಂಡು, ಹಿಂದಿನ ವಾರ ಮನೆಯಲ್ಲಿ ನಡೆದದ್ದನ್ನೇ ಬಿಡಿಸಿದರು. ಮೊದಲ ಚೌಕ: ಕತ್ತಲ ಕೋಣೆ, ಮೇಣದಬತ್ತಿ ಹಿಡಿದ ಹೆಂಡತಿ, “ಇಳೀರಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡ್ತೀನಿ.” ಎರಡನೆಯದು: ಏಣಿಯ ಮೇಲೆ ಯಜಮಾನರು, ಸುತ್ತಲೂ ಕಿಡಿ. ಮೂರನೆಯದು: ಝಗಮಗಿಸುವ ದೀಪ, ಸೊಂಟದ ಮೇಲೆ ಕೈ, “ನಾನಿರುವಾಗ ಎಲೆಕ್ಟ್ರಿಷಿಯನ್ ಯಾಕೆ?”

ಒಂದೊಂದು ಚೌಕವನ್ನು ಒಂದೊಂದು ಹಾಳೆಯಲ್ಲಿ ಬಿಡಿಸಿ ಹಿಂದೆ ಪೆನ್ಸಿಲಿನಿಂದ ನಂಬರು ಹಾಕುವುದು ಅವರ ಪದ್ಧತಿ. ಆ ದಿನದ ಸಡಗರದಲ್ಲಿ ನಂಬರು ಮರೆತುಹೋಯಿತು.

ಭಾನುವಾರ ಕಾರ್ಟೂನಿಸ್ಟರು ಪತ್ರಿಕೆ ತೆರೆದು ನೇರ ಕೊನೆಯ ಪುಟಕ್ಕೆ ಹಾರಿದರು. ಚೌಕಗಳು ಹಿಂದುಮುಂದಾಗಿದ್ದವು. ಮೊದಲು ದೀಪ ಮತ್ತು ಜಂಬ, ಆಮೇಲೆ ಕಿಡಿ, ಕೊನೆಗೆ ಕತ್ತಲೆ! ಯಜಮಾನರು ಮೊದಲ ಸಲ ಸೋತಿದ್ದರು, ಅದೂ ಊರೆಲ್ಲ ನೋಡುವಂತೆ. ಪುಟ ಜೋಡಿಸುವವನ ಗ್ರಹಚಾರ ಬಿಡಿಸುತ್ತೇನೆಂದು ಅಂಗಿ ತೊಟ್ಟು ಹೊರಟರು.

ದಾರಿಯಲ್ಲಿ ಕ್ಷೌರಿಕ ನೊರೆ ಬ್ರಷ್ಷಿನ ಸಮೇತ ಓಡಿಬಂದು, ಗಿರಾಕಿಗಳು ನಕ್ಕು ನಕ್ಕು ಗಲ್ಲ ನಿಲ್ಲಿಸುತ್ತಿಲ್ಲ ಎಂದು ದೂರಿದ. ಕಚೇರಿಯಲ್ಲಿ ಫೋನಿಗೆ ಬಿಡುವಿರಲಿಲ್ಲ. ಸಂಪಾದಕರು ಸ್ವತಃ ಕುರ್ಚಿ ಎಳೆದುಕೊಟ್ಟು, ಕತ್ತಲೆಯಲ್ಲಿ ಮುಗಿಸುವ ಎದೆಗಾರಿಕೆ ಇನ್ಯಾರಿಗಿದೆ, ಹವಾಮಾನ ಎಲ್ಲಿಗೂ ಹೋಗುವುದಿಲ್ಲ, ಯಜಮಾನರೇ ಇರಲಿ ಎಂದರು. ಕಾರ್ಟೂನಿಸ್ಟರು ಎದೆಯುಬ್ಬಿಸಿ, ಎಲ್ಲ ಹದಿನೆಂಟು ವರ್ಷದ ಸಾಧನೆ ಎಂದು ವಿನಯದಿಂದ ಒಪ್ಪಿಕೊಂಡರು. ಆಮೇಲೆ ಪುಟ ಜೋಡಿಸುವವನನ್ನು ಮೂಲೆಗೆ ಕರೆದು ಪಿಸುದನಿಯಲ್ಲಿ ವಿಚಾರಿಸಿದರು. ನಂಬರಿರಲಿಲ್ಲ, ಮನೆಗೆ ಫೋನ್ ಮಾಡಿದೆ, ನೀವು ಸ್ನಾನಕ್ಕೆ ಹೋಗಿದ್ದಿರಿ, ಅಮ್ಮನವರೇ ಹೇಳಿದರು ಎಂದ.

ಮನೆಗೆ ಬಂದು ವಿಚಾರಣೆಗೆ ನಿಂತರು. ಹೆಂಡತಿ ಬಟ್ಟೆ ಮಡಿಸುತ್ತಲೇ ಉತ್ತರ ಕೊಟ್ಟಳು.

“ಯಾವುದು ಮೊದಲು, ಯಾವುದು ಆಮೇಲೆ ಅಂತ ಕೇಳಿದ್ರು. ಮನೇಲಿ ನಡೆದ ಹಾಗೇ ಹೇಳಿದೆ.”

ಕಾರ್ಟೂನಿಸ್ಟರು ಏಣಿ ಹತ್ತುವವರೆಗೆ ದೀಪ ಉರಿಯುತ್ತಲೇ ಇತ್ತು. ಅದು ಮತ್ತೆ ಹೊತ್ತಿದ್ದು ಮರುದಿನ, ಎಲೆಕ್ಟ್ರಿಷಿಯನ್ ಕೈಯಿಂದ. ಸಿಟ್ಟು ಬರಬೇಕಿತ್ತು; ಬಂದದ್ದು ಹೆಂಡತಿಯ ಮೇಲೆ ಹೆಮ್ಮೆ. ಯಜಮಾನರನ್ನು ಉಳಿಸಿದವಳು ಅವಳೇ ಎಂದು ಆ ಕ್ಷಣ ಮನಸಾರೆ ಅನ್ನಿಸಿತು. ಬಾಯಿಬಿಟ್ಟು ಹೇಳುವ ಬದಲು ಸಂಜೆಯವರೆಗೆ ಕುಳಿತು, ತಾವು ಅಡುಗೆಮನೆಯ ನಲ್ಲಿ ರಿಪೇರಿ ಮಾಡಿದ ಸಾಹಸವನ್ನು ಬಿಡಿಸಿ, ಮೂರು ಹಾಳೆಗಳನ್ನು ಅವಳ ಮುಂದಿಟ್ಟರು.

“ಇದಕ್ಕೂ ನೀನೇ ನಂಬರ್ ಹಾಕಿಬಿಡು.”

ಅವಳು ಹಾಳೆಗಳನ್ನು ಎರಡು ಸಲ ತಿರುವಿ ನೋಡಿದಳು. ಮೇಜಿನ ಕೆಳಗೂ ಬಗ್ಗಿ ನೋಡಿದಳು.

“ಪ್ಲಂಬರ್ ಬಂದ ಹಾಳೆ ಎಲ್ಲಿ?”