ಕಂಪ್ಯೂಟರಿನೊಳಗಿನ ಹುಲಿ, ನನ್ನ ಆಡು

ಯಾವ ಹೊಸ ಮಿಷನ್ ಬಂದ್ರೂ ಮೊದಲ ಪೆದ್ದುತನ ನನ್ನ ಕೈಯಲ್ಲೇ ಆಗಬೇಕು, ಅದೇನು ಹಣೆಬರಹವೋ! ಎಂಬತ್ತರ ದಶಕದಲ್ಲಿ ನಾನು ತಮಿಳುನಾಡು ಗಡಿಯ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟು. ಆಫೀಸಿಗೆ ಕಂಪ್ಯೂಟರ್ ಬಂತು. "ಒಂದು ತಿಂಗಳಲ್ಲಿ ಕಲೀರಿ, ಇಲ್ಲಾಂದ್ರೆ ಪ್ಯಾಕಿಂಗ್ ಸೆಕ್ಷನ್ನು" ಅಂದ್ರು ಮ್ಯಾನೇಜರು. ಅಲ್ಲಿ ದಿನವಿಡೀ ನಿಂತೇ ಕೆಲಸ, ನನಗೋ ಮಂಡಿನೋವು. ಹೆದರಿ ಊಟವೇ ಸೇರದಂಗಾಯ್ತು.

೧. ಕಪಾಳಮೋಕ್ಷ

ಚಪ್ಪಲಿ ಬಿಟ್ಟು, ಕೈಮುಗಿದು ಕಂಪ್ಯೂಟರ್ ಮುಂದೆ ಕೂತೆ. ಹೊಡೀತಾ ಹೊಡೀತಾ ಮೊದಲ ಸಾಲು ಮುಗೀತು. ಸಾಲು ಮುಗಿದಾಗೆಲ್ಲ ಹಿಡಿ ತಳ್ಳೋ ಟೈಪ್‌ರೈಟರಿನ ಅಭ್ಯಾಸ ನೋಡಿ, ಎಡಗೈಯಲ್ಲಿ ಆ ಟಿವಿಯಂಥ ಪರದೆಯ ಕೆನ್ನೆಗೆ ಫಟಾರಂತ ಕೊಟ್ಟೆ. ಕಲಿಸೋಕೆ ಬಂದಿದ್ದ ಕೃಷ್ಣಗಿರಿಯ ಎಂಜಿನಿಯರು ಗಾಬರಿಯಾಗಿ, "ಅಕ್ಕಾ, ಪಾಪ, ಅದಿನ್ನೂ ತಪ್ಪೇ ಮಾಡಿಲ್ಲ!" ಅಂದ್ರು.

೨. ಆಡು

ಆಮೇಲೆ ಮುಟ್ಟೋಕೇ ಭಯ. ಎಂಜಿನಿಯರು, "ಹುಲಿ-ಆಡಿನ ಆಟ ಬರುತ್ತಾ?" ಅಂದ್ರು. ಬರುತ್ತಾ ಅಂತೀರಾ! ನಮ್ಮೂರು ಬಾಗಲೂರಿನಲ್ಲಿ ಜಗುಲಿ ಮೇಲೆ ಗೆರೆ ಎಳೆದು ಮೂರು ಹುಲಿಯನ್ನ ಎಷ್ಟು ಸಲ ಕಟ್ಟಿಹಾಕಿದ್ದೆನೋ. ಪುಣ್ಯಾತ್ಮ ಅದೇ ಹಳೇ ಆಟವನ್ನ ಕಂಪ್ಯೂಟರಿಗೆ ಬರೆದುಕೊಟ್ರು. ಅದರಲ್ಲಿ ಹುಲಿಗಳು ರಾಕ್ಷಸರು, ಆಡುಗಳನ್ನ ಉಳಿಸೋಕೊಬ್ಬ ಮಂತ್ರವಾದಿ. ಒಂದ್ಸಲ ಕಂಪ್ಯೂಟರು ನಡೆಸಬೇಕು, ಒಂದ್ಸಲ ನಾನು.

ಪರದೆ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಆಡು' ಅಂತ ಬಂತು. ನಾನು ಕೈಕಟ್ಟಿ ಕೂತೆ. ಅರ್ಧ ಗಂಟೆ ಬಿಟ್ಟು ಎಂಜಿನಿಯರು ಬಂದು, "ಯಾಕೆ ಸುಮ್ನಿದ್ದೀರಾ?" ಅಂದ್ರು.

"ಆಡು ಯೋಚ್ನೆ ಮಾಡ್ತಾ ಐತೆ ಸಾರ್, ಮಾಡ್ಲಿ ಅಂತ ಬಿಟ್ಟಿವ್ನಿ."

"ಅಯ್ಯೋ, ಆಡು ಅಂತಿರೋದು ನಿಮಗೆ!"

"ನಾನು ಆಡಾ?!" ಅಂತ ಮುಖ ಊದಿಸ್ಕೊಂಡೆ. ತಮಿಳಲ್ಲೂ ಆಡಿಗೆ ಅದೇ ಎರಡು ಅರ್ಥ. ಪಾಪ, ಎಂಜಿನಿಯರು ಯಾವ ಭಾಷೇಲಿ ಕ್ಷಮೆ ಕೇಳ್ತಾರೆ?

೩. ವಾಚ್‌ಮನ್

ಒಂದಿನ ಆಟದ ಜೋರಲ್ಲಿ, "ಅಯ್ಯೋ, ಹುಲಿ ಹಿಡ್ಕೊಂಬುಡ್ತು!" ಅಂತ ಕಿರುಚಿದೆ. ಡೆಂಕಣಿಕೋಟೆ ಕಡೆಯ ವಾಚ್‌ಮನ್ ದೊಣ್ಣೆ ಹಿಡಿದು ನುಗ್ಗಿ ಬಂದ. "ಎಲ್ಲಮ್ಮೋ ಹುಲಿ?"

ಪರದೆ ತೋರಿಸಿದೆ.

"ಥೂ! ರಾಗಿ ಹೊಲಕ್ಕೆ ಆನೆ ಬಂದ್ರೂ ನಾವ್ ಇಂಗೆ ಕಿರಚಲ್ಲ ಕಣಮ್ಮಾ" ಅಂದವನು ಬಗ್ಗಿ ನೋಡಿ, "ಆ ಮೂಲೆ ಆಡ್ನ ಯಾಕ್ ಒಂಟಿ ಬಿಟ್ಟೆ? ಒಳಕ್ ಹಾಕು" ಅಂದ. ಅವತ್ತಿಂದ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡ. ಗೇಟು ಯಾರು ಕಾಯ್ತಿದ್ರೋ ದೇವರೇ ಬಲ್ಲ.

೪. ಪರೀಕ್ಷೆ

ತಿಂಗಳು ಮುಗೀತು. ಮ್ಯಾನೇಜರು ಬೆನ್ನ ಹಿಂದೆ ನಿಂತು ಎರಡು ಪುಟದ ಪತ್ರ ಹೇಳಿದ್ರು. ಬೆರಳುಗಳಿಗೆ ಭಯವೇ ಇಲ್ಲ, ಚಕಚಕಾಂತ ಮುಗಿಸಿದೆ. ಕಂಪ್ಯೂಟರು 'ಸೇವ್?' ಅಂತ ಕೇಳ್ತು. ಆಟದಲ್ಲೂ ಹುಲಿ ಆಡನ್ನ ಹಿಡಿದಾಗ ಹಂಗೇ ಕೇಳೋದು. ಉಳಿಸೋಕೆ ಮಂತ್ರವಾದಿ ಹತ್ರ ಇದ್ದದ್ದು ಮೂರೇ ಮಂತ್ರ.

"ಬೇಡ ಬಿಡಿ ಸಾರ್, ಒಂದು ಆಡಿಗೆಲ್ಲ ಮಂತ್ರ ದಂಡ" ಅಂದು 'ಇಲ್ಲ' ಒತ್ತಿಬಿಟ್ಟೆ. ಪತ್ರ ಮಾಯ!

"ಎನ್ನಮ್ಮಾ ಇದು!" ಅಂತ ತಮಿಳಲ್ಲೇ ಕೂಗಿದ್ರು ಮ್ಯಾನೇಜರು. ಅಳ್ತಾ ಅಳ್ತಾನೇ ಅಷ್ಟೂ ಪತ್ರವನ್ನ ಮತ್ತೆ ಹೊಡೆದೆ, ಒಂದು ತಪ್ಪಿಲ್ಲದೆ. ಅವರು ಗಡಿಯಾರ ನೋಡಿದ್ರು, ಬಾಗಿಲಲ್ಲಿ ಬೆವರು ಒರೆಸಿಕೊಳ್ತಿದ್ದ ಎಂಜಿನಿಯರನ್ನ ನೋಡಿದ್ರು. ಆಟ ಕೊಟ್ಟು ಭಯ ಬಿಡಿಸಿದ ಆ ಎಂಜಿನಿಯರ ಋಣ ನಾನು ಈ ಜನ್ಮದಲ್ಲಿ ತೀರಿಸಲಾರೆ.

ಮ್ಯಾನೇಜರು ನಿಟ್ಟುಸಿರು ಬಿಟ್ಟು ಅಂದ್ರು: "ಕುರ್ಚಿ ನಿಮ್ದೇಮ್ಮಾ, ಕೂತ್ಕೊಳಿ. ಆದ್ರೆ ನಮ್ಮ ಕಂಪನೀಲಿ ಮಂತ್ರಕ್ಕೆ ಬರ ಇಲ್ಲ, ಧಾರಾಳವಾಗಿ ಸೇವ್ ಮಾಡಿ!"