ಎರಡಿಂಚು ಕಡಿಮೆಯ ಬ್ಲೌಸು

ಇಡೀ ಶಹಾಬಾದ ಕೇಳಿಸಿಕೊಳ್ಳಲಿ, ನಾನು ಶಪಥ ಮಾಡಿಬಿಟ್ಟೆ! ಡಿಗ್ರಿ ಕೊನೆಯ ವರ್ಷದ ಬೀಳ್ಕೊಡುಗೆಗೆ ಇನ್ನು ಇಪ್ಪತ್ತೇ ದಿನ. ಅಷ್ಟರೊಳಗೆ ಸುಶ್ಮಿತಾ ಎಂಬ ಈ ನಾನು ಬಳುಕುವ ಬಳ್ಳಿಯಾಗಿ, ಸೀರೆಯುಟ್ಟು ವೇದಿಕೆ ಹತ್ತಿ, ನೆರೆದ ಸಭೆಯನ್ನು ದಂಗುಬಡಿಸುವವಳು!

ಕಾರಣ ಒಂದು ಗ್ರೂಪ್ ಫೋಟೋ. ಅದನ್ನು ಯಾರೋ ಕ್ಲಾಸಿನ ವಾಟ್ಸಾಪಿಗೆ ಹಾಕಿ, ನನ್ನ ಸುತ್ತ ಕೆಂಪು ಗೆರೆ ಎಳೆದು 'ಎರಡು ಸೀಟು' ಎಂದು ಬರೆದಿದ್ದರು. ಎಲ್ಲರೂ ನಗುವ ಮುಖ ಒತ್ತಿದ್ದರು. ನಾನೂ ಒತ್ತಿದೆ. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುದಿನವೇ ಓಣಿಯಲ್ಲಿ ಬ್ಲೌಸ್ ಹೊಲಿಯುವ ರಾಜೇಶ್ವರಿ ಅಕ್ಕನ ಮುಂದೆ ನಿಂತೆ. ಅಕ್ಕ ಟೇಪು ಹಿಡಿದು ಅಳತೆ ಓದಿದಳು.

"ಅಕ್ಕಾ, ಎರಡಿಂಚು ಕಡಿಮಿ ಬರ್ಕೋ."

"ಯಾಕವ್ವ, ಉಸಿರಾಡೋದು ಬಿಡ್ತೀಯೇನು?"

"ಉಣ್ಣೋದು ಬಿಡ್ತೀನಿ!"

ಅಕ್ಕ ನನ್ನ ಮುಖ ನೋಡಿ, ಎರಡಿಂಚು ಕಡಿಮೆ ಬರೆದುಕೊಂಡಳು.

ಬೆಳಗಿನ ತಿಂಡಿಯನ್ನು 'ಲೇಟಾಯ್ತವ್ವಾ' ಎಂದು ತಪ್ಪಿಸಿಕೊಳ್ಳುವುದು ಸುಲಭ. ಆದರೆ ಅವ್ವ ಕಟ್ಟಿಕೊಡುವ ಡಬ್ಬಿ? ಅದರೊಳಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಚೆಲ್ಲುವುದಕ್ಕೆ ಕೈ ಬರಲಿಲ್ಲ. ವಾಡಿಯಿಂದ ದಿನಾ ಪ್ಯಾಸೆಂಜರ್ ಗಾಡಿಗೆ ಬರುವ ಗೆಳತಿ ನಗ್ಮಾಳಿಗೆ ಕೊಟ್ಟುಬಿಟ್ಟೆ. ಅವಳು ಬೆರಳು ನೆಕ್ಕಿದಳು, ನಾನು ನೀರು ಕುಡಿದೆ. ಮಧ್ಯಾಹ್ನದ ಪೀರಿಯಡ್ಡಿನಲ್ಲಿ ತಲೆ ಗಿರ್‌ ಎಂದು, ಬೋರ್ಡಿನ ಮೇಲಿನ ಸೊನ್ನೆಗಳೆಲ್ಲ ರೊಟ್ಟಿಗಳಂತೆ ಕಂಡವು!

"ಡಬ್ಬಿ ತೊಳದು ನಾಳಿಗಿ ತರ್ತೀನಿ" ಎಂದು ನಗ್ಮಾ ಒಯ್ದಳು. ಕೆಟ್ಟಿದ್ದೇ ಅಲ್ಲಿ. ನಮ್ಮ ಕಡೆ ಇನ್ನೊಬ್ಬರ ಮನೆಯ ಡಬ್ಬಿಯನ್ನು ಖಾಲಿ ವಾಪಸು ಕೊಡುವುದಿಲ್ಲ, ವಾಡಿಯಲ್ಲೂ ಕೊಡುವುದಿಲ್ಲ. ಹಸಿವಿನ ಭರದಲ್ಲಿ ಈ ಮಾತು ನನಗೆ ಮರೆತೇಹೋಗಿತ್ತು.

ಮರುದಿನ ಡಬ್ಬಿ ಭಾರವಾಗಿ ಬಂತು.

"ಏನದ ಇದ್ರಾಗ?"

"ಡಬಲ್ ಕಾ ಮೀಠಾ. ಅಮ್ಮಿ ಕಳಸ್ಯಾಳ."

"ನಂಗ ಬ್ಯಾಡ, ಡಯಟ್!"

"ಅರೇ, ಹ್ಯಾಂಗಿತ್ತು ಅಂತ ಅಮ್ಮಿ ಕೇಳ್ತಾಳ. ನಂಗ ಸುಳ್ಳು ಹೇಳಾಕ ಬರಲ್ಲ."

ತುಪ್ಪದಲ್ಲಿ ಕರಿದು, ಹಾಲು-ಸಕ್ಕರೆಯಲ್ಲಿ ನೆನೆಸಿದ ಬ್ರೆಡ್ಡು! ಗೆಳತಿ ಸುಳ್ಳು ಹೇಳುವಂತಾಗಬಾರದೆಂಬ ಒಂದೇ ಸದುದ್ದೇಶದಿಂದ ಚೂರು ಬಾಯಿಗಿಟ್ಟೆ. ಡಬ್ಬಿಯ ತಳ ಕಂಡಾಗಲೇ ಕೈ ನಿಂತದ್ದು!

ಸಂಜೆ ಅವ್ವ ಡಬ್ಬಿ ಮೂಸಿದಳು.

"ಇದು ಯಾರ ಮನಿ ತುಪ್ಪ?"

"ನಗ್ಮಾನ ಅಮ್ಮಿ, ಗುಲ್ಶನ್ ಖಾಲಾ ಕಳಸಿದ್ರು."

"ಅವರ ಮನಿ ಸಿಹಿ ತಿಂದು ಸುಮ್ನ ಬಂದಿ? ನನ್ನ ಮಾನ ಕಳದಿ ಬಿಡು!"

ಮರುದಿನ ನಾಲ್ಕು ಡಬ್ಬಿಯ ಕ್ಯಾರಿಯರ್ ಹೊರಟಿತು, ತುಂಬ ಶೇಂಗಾ ಹೋಳಿಗೆ. ಅದಕ್ಕೆ ವಾಡಿ ಮಸಾಲೆ ಘಮಘಮಿಸುವ ಬಗಾರಾ ಅನ್ನ ಮತ್ತು ಸೋರೆಕಾಯಿ ಪಾಯಸದ ಕದ್ದೂ ಖೀರಿನಿಂದ ಉತ್ತರಿಸಿತು. ಶಹಾಬಾದ ಕರಿಗಡುಬಿನಿಂದ ಮರುದಾಳಿ ಮಾಡಿತು! ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಹೆಂಗಸರು ಹೀಗೆ ಜಿದ್ದಿಗೆ ಬಿದ್ದರೆ, ನಡುವೆ ನ್ಯಾಯಾಧೀಶೆ ನಾನೊಬ್ಬಳೇ. ತಿನ್ನದೆ ತೀರ್ಪು ಕೊಡುವುದು ಹೇಗೆ ಸ್ವಾಮಿ? ದಿನಾ ತಿಂದೆ, ದಿನಾ ತೀರ್ಪು ಕೊಟ್ಟೆ.

ಹನ್ನೆರಡನೇ ದಿನ ತಡೆಯಲಾರದೆ ಬಾಯಿಬಿಟ್ಟೆ.

"ಅವ್ವಾ, ನಾ ಡಯಟ್ ಮಾಡಾಕತ್ತೀನಿ!"

"ಮಾಡವ್ವ, ಯಾರು ಬ್ಯಾಡ ಅಂದಾರ? ಉಂಡು ಮಾಡು."

ಸಿಟ್ಟಿನಿಂದ ಆ ಫೋಟೋ ತೋರಿಸಿದೆ. ಅವ್ವನಿಗೆ ಓದು ಬರದು. ಕೈ ಒರೆಸಿಕೊಂಡು ಫೋನು ಹಿಡಿದು ಭಾಳ ಹೊತ್ತು ನೋಡಿದಳು.

"ಎಲ್ಲಾರಕಿಂತ ನೀನೇ ಚಂದ ಕಾಣ್ತೀಯಲ್ಲೇ! ಈ ಕೆಂಪು ಗೆರಿ ಯಾಕ, ದೃಷ್ಟಿ ಆಗಬಾರದಂತ ಎಳದಾರೇನು?"

ನಗು ಬಂತು, ಹಿಂದೆಯೇ ಅಳುವೂ ಬಂತು. ಅವತ್ತು ರಾತ್ರಿ ಅವ್ವನ ಜೊತೆ ಕೂತು ಹೊಟ್ಟೆ ತುಂಬ ಉಂಡೆ. ಬ್ಲೌಸಿನ ಮಾತು ಮಾತ್ರ ಹೇಳಲಿಲ್ಲ.

ಬೀಳ್ಕೊಡುಗೆಯ ಹಿಂದಿನ ಸಂಜೆ ಆ ಬ್ಲೌಸು ಬಂತು. ಬಾಗಿಲು ಹಾಕಿಕೊಂಡು ತೊಡಲು ಹೋದೆ. ಒಂದು ತೋಳು ಒಳಗೆ ಹೋಯಿತು, ಇನ್ನೊಂದು ಮೊಣಕೈ ಹತ್ತಿರ ಮುಷ್ಕರ ಹೂಡಿತು. ಮುಂದೆ ಹೋಗದು, ಹಿಂದೆ ಬಾರದು! "ಅವ್ವಾ!" ಎಂದು ಕೂಗಿದೆ. ಅವ್ವ ಮೇಲೆ ಶಾಲು ಹೊದಿಸಿ, ಓಣಿಯ ಜನರೆಲ್ಲ 'ಏನಾಯ್ತು, ಏನಾಯ್ತು' ಎನ್ನುತ್ತಿದ್ದಂತೆ ರಾಜೇಶ್ವರಿ ಅಕ್ಕನ ಮನೆಗೆ ನಡೆಸಿಕೊಂಡು ಹೋದಳು.

ಅಕ್ಕ ನನ್ನನ್ನು ಅದರಿಂದ ಬಿಡಿಸಿ, ಪಕ್ಕದ ಹೊಲಿಗೆ ಬಿಚ್ಚಿದಳು. ಒಳಗೆ ಧಾರಾಳ ಬಟ್ಟೆ ಮಡಚಿಟ್ಟಿತ್ತು!

"ಅಕ್ಕಾ, ಇಷ್ಟು ಬಟ್ಟಿ ಯಾಕ ಬಿಟ್ಟಿ?"

"ಬೀಳ್ಕೊಡುಗಿ ಬಂತಂದ್ರ ನಿಮ್ಮ ಕಾಲೇಜಿನ ಹುಡುಗ್ಯಾರೆಲ್ಲಾ ಎರಡಿಂಚು ಕಡಿಮಿನೇ ಬರಸ್ತೀರಿ. ಇಷ್ಟು ವರ್ಷದಾಗ ಒಬ್ಬಾಕಿನೂ ಕಡಿಮಿ ಆಗಿ ಬಂದಿಲ್ಲ."

ಮಿಷಿನ್ನು ಎರಡು ಸಲ ಗುರ್ರೆಂದಿತು. ತೊಟ್ಟೆ. ಎಲ್ಲೂ ಬಿಗಿಯಿಲ್ಲ, ಕನ್ನಡಿಯಲ್ಲಿ ನಿಜಕ್ಕೂ ಚೆನ್ನಾಗಿ ಕಂಡೆ. ಶಪಥ ನೆನಪಾಗಿ ನಾಚಿಕೆಯಿಂದ ಮೆಲ್ಲಗೆ ಕೇಳಿದೆ:

"ಒಳಗಿನ ಬಟ್ಟಿ ಪೂರಾ ಬಿಚ್ಚಿದೇನಕ್ಕಾ?"

"ಇಲ್ಲವ್ವ, ಇನ್ನಾ ಒಂದಿಂಚು ಅದ. ನಾಳಿ ಕಾಲೇಜಿನ ಊಟ ಆದ ಮ್ಯಾಲ ಬಾ, ಅದನ್ನೂ ಬಿಚ್ಚಿ ಕೊಡ್ತೀನಿ!"