ಕೆಸರಿನ ಓಟ, ಕೆಂಪಂಚಿನ ಪಂಚೆ

ತೆಲುಗು ಸೀಮೆಯ ಗಡಿಯೊಳಗಿನ ಆಲೂರಿನ ಕಾವೇರಿಬಾಯಿಗೆ ಗಂಡನ ಮೇಲಿದ್ದ ದೂರುಗಳನ್ನೆಲ್ಲ ಹೇಳುತ್ತ ಕೂತರೆ ಒಲೆಯ ಮೇಲಿನ ಬೇಳೆ ಸೀದುಹೋದೀತು. ಆದ್ದರಿಂದ ಒಂದನ್ನೇ ಹೇಳೋಣ. ಪಂಚೆ.

ಗಂಡ ಸೇತುಮಾಧವರಾಯರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸಂಜೆ ಮನೆಗೆ ಬಂದವರೇ ಉಟ್ಟಿದ್ದ ಕೆಂಪಂಚಿನ ಪಂಚೆಯನ್ನು ಬಿಚ್ಚಿ, ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ್ದ ದಾರದ ಮೇಲೆ ಎಸೆಯುತ್ತಿದ್ದರು. ಅದು ರಾತ್ರಿಯೆಲ್ಲ ಅಲ್ಲೇ ವಿರಾಜಮಾನವಾಗಿರುತ್ತಿತ್ತು. ಬೆಳಿಗ್ಗೆ ಕಾವೇರಿಬಾಯಿ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಮಡಿಯಾಗಿ, ಎರಡು ಕೊಡ ಹಿಡಿದು ಸಿಹಿನೀರು ಬಾವಿಗೆ ಹೊರಟರೆ ಮೊದಲು ಎದುರು ನಿಲ್ಲುವುದು ಆ ಮೈಲಿಗೆಯ ಪಂಚೆಯೇ. ಅದರ ಒಂದು ಎಳೆ ತಾಕಿದರೂ ಮಡಿ ಕೆಟ್ಟಿತು, ಮತ್ತೆ ತಣ್ಣೀರು. ಹೀಗಾಗಿ ಆಕೆ ಸೊಂಟ ಬಗ್ಗಿಸಿ, ತಲೆಗೂದಲು ಕೂಡ ತಗುಲದ ಹಾಗೆ ಅದರಡಿ ನುಸುಳುತ್ತಿದ್ದಳು. ಹೋಗುವಾಗ ಖಾಲಿ ಕೊಡ, ಬರುವಾಗ ತುಂಬಿದ ಕೊಡ. ಮದುವೆಯಾಗಿ ಬಂದ ಮರುದಿನದಿಂದ ಇದೇ ಕವಾಯತು.

ಪಂಚೆ ದಾಟಿದರೆ ಓಣಿ. ಓಣಿಯಲ್ಲಿ ಉಚ್ಚೀರಪ್ಪನ ಎಮ್ಮೆ. ಅದಕ್ಕೆ ಕಾವೇರಿಬಾಯಿಯ ಸಪ್ಪಳ ಕೇಳಿದ ಕೂಡಲೇ ಬಾಲ ಬೀಸುವ ಹುರುಪು ಬರುತ್ತಿತ್ತು. ಅದರಾಚೆ ಮೂಗು ಮೇಲೆತ್ತಿ ನಿಂತ ಬಂಡಿ, ಬಂಡಿಯಾಚೆ ಗಟಾರ, ಗಟಾರದಾಚೆ ಚಿಣ್ಣಿ ಹೊಡೆಯುವ ಹುಡುಗರು. ಎಲ್ಲರಿಂದಲೂ ಎಲ್ಲದರಿಂದಲೂ ಮೈ ತಪ್ಪಿಸಿ ಮನೆ ಮುಟ್ಟಿದರೆ ಬಾಗಿಲಲ್ಲಿ ಅತ್ತೆ ಮಥುರಾಬಾಯಿಯವರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಸೊಸೆ ಎಲ್ಲಿ ಏನು ಮುಟ್ಟಿದಳೆಂಬುದು ಮಾತ್ರ ಆ ಪೊರೆಯೊಳಗಿಂದಲೂ ನಿಚ್ಚಳ ಕಾಣುತ್ತಿತ್ತು.

"ಎಮ್ಮಿ ಬಾಲ ತಾಕ್ತು. ಚೆಲ್ಲು!"

ಚೆಲ್ಲಬೇಕು. ಮತ್ತೆ ಬಾವಿ. (ಬೀದಿಯಲ್ಲಿ ನಲ್ಲಿ ಇರಲಿಲ್ಲವೆಂದಲ್ಲ. ಅದರ ಹೊಟ್ಟೆಯಲ್ಲಿ ನೀರು ಸೋರದಂತೆ ಹಾಕಿದ ಚರ್ಮದ ಬಿಲ್ಲೆ ಇದೆಯೆಂದು ಯಾರೋ ಪುಣ್ಯಾತ್ಮರು ಅತ್ತೆಗೆ ಹೇಳಿಬಿಟ್ಟಿದ್ದರು.)

ಆ ವರ್ಷದ ಬೇಸಿಗೆಯಂತೂ ಕೇಳಬೇಡಿ. ಬಾವಿಯ ನೀರು ಪಾತಾಳಕ್ಕೆ ಇಳಿದಿತ್ತು. ಒಂದು ದಿನ ಕಾವೇರಿಬಾಯಿ ಕೊಡ ಇಳಿಸಿ, ಅಂಗೈ ಬೊಕ್ಕೆಯನ್ನು ಗಂಡನ ಮುಂದೆ ಹಿಡಿದಳು.

"ನೋಡ್ರಿ ಇಲ್ಲಿ. ಹಗ್ಗ ಜಗ್ಗಿ ಜಗ್ಗಿ ಹೆಂಗ ಆಗ್ಯಾವ. ಈ ಬ್ಯಾಸಿಗಿ ಒಂದಿಷ್ಟು ನೀವು ತರಬಾರದೇನು?"

ರಾಯರು ಬೀಸಣಿಗೆ ನಿಲ್ಲಿಸದೆ ಅಂದರು: "ಎರಡು ಕೊಡ ನೀರಿಗೆ ಇಷ್ಟು ರಾದ್ಧಾಂತ ಏನು ಕಾವೇರಿ? ನಾಲ್ಕು ಹೆಜ್ಜಿ ಹೋಗೂದು, ನಾಲ್ಕು ಹೆಜ್ಜಿ ಬರೂದು. ಕಷ್ಟ ಅಂದ್ರ ಏನಂತ ನೋಡಬೇಕಾದ್ರ ಬರೂ ಐತವಾರ ಕೆರಿಗೆ ಬಾ."

ಕೆರೆಯ ಸಂಗತಿ ಹೀಗಿತ್ತು. ಅದು ಎಪ್ಪತ್ತೈದನೇ ಇಸವಿ. ಲೋಕಕ್ಕೆಲ್ಲ ಮಹಿಳೆಯರ ವರ್ಷವೆಂದು ಸಾರಿದ್ದರು. ಹೆಂಗಸರಿಗಾಗಿ ಏನಾದರೂ ಮಾಡಿರೆಂದು ರಾಯರ ಕಚೇರಿಗೆ ಮೇಲಿನಿಂದ ಆಜ್ಞೆ ಬಂತು. ಏನು ಮಾಡಬೇಕೆಂದು ಯಾವ ಗಂಡಸಿಗೂ ಹೊಳೆಯಲಿಲ್ಲ. ಕೊನೆಗೆ ಡ್ರಿಲ್ ಮಾಸ್ತರ ಭೀಮಲಿಂಗಪ್ಪ ಎದ್ದು ನಿಂತರು. ಹಿಂದೆಂದೋ ಮಿಲ್ಟ್ರಿ ಕ್ಯಾಂಪು ನೋಡಿ ಬಂದಿದ್ದ ಅವರಿಗೆ ಅಲ್ಲಿಯ ಅಡೆತಡೆ ಓಟ ಕಣ್ಣಲ್ಲೇ ಉಳಿದಿತ್ತು. ಕೆರೆ ಬತ್ತಿದೆ, ಎರೆಮಣ್ಣು ಬೇಕಾದಷ್ಟಿದೆ, ನಾಲ್ಕು ಪೀಪಾಯಿ ನೀರು ಸುರಿದರೆ ಭರ್ಜರಿ ಕೆಸರು ಎಂದರು. ಹಗ್ಗದಡಿ ತೆವಳಬೇಕು, ಹತ್ತಿ ತುಂಬಿದ ಮೂಟೆಗಳ, ಅಂದರೆ ಅಂಡಿಗೆಗಳ, ಮೇಲೇರಿ ಇಳಿಯಬೇಕು, ಕೆಸರಿನ ಗುಂಡಿ ದಾಟಬೇಕು. ಮೊದಲು ಬಂದವಳಿಗೆ ಹಿತ್ತಾಳೆ ಕೊಡ.

"ಕೊಡಾನ?" ಎಂದಳು ಕಾವೇರಿಬಾಯಿ. "ಹೆಂಗಸರ ವರ್ಷ ಅಂತ ಹೆಂಗಸರಿಗೆ ಮತ್ತೊಂದು ಕೊಡಾನ?"

"ಸರ್ಕಾರ ಒಂದು ವರ್ಷನ ನಿಮಗ ಬರೆದುಕೊಟ್ಟದ. ಇನ್ನೇನು ಬೇಕು?"

"ಇಷ್ಟು ದಿನದ ವರ್ಷ ಎಲ್ಲಾ ಯಾರವು ಇದ್ದುವು?"

ರಾಯರು ನಕ್ಕರು. ಉತ್ತರ ಸಿಗದಾಗ ನಗುವುದು ಅವರ ಪದ್ಧತಿ. "ನೀ ಓಡ್ತೀಯೇನು? ಮೂರು ಹೆಜ್ಜಿ ಓಡಿದ್ರ ನಾಲ್ಕನೇದಕ್ಕ ಡಾಕ್ಟರನ್ನ ಕರೀಬೇಕು."

"ಓಡ್ತೀನಿ. ಗೆದ್ರ ಏನು ಕೊಡ್ತೀರಿ?"

"ಗೆದ್ರ ಈ ಬ್ಯಾಸಿಗಿ ಪೂರಾ ಮಡಿನೀರು ನಾ ತರ್ತೀನಿ. ಸೋತ್ರ ನೀ ಮತ್ತ ನೀರಿನ ಮಾತು ಎತ್ತಬಾರದು. ಸಾಯೂತನಕಾ!"

"ಅತ್ಯಾ, ಕೇಳಿದ್ರಲ್ಲಾ?"

ಮಥುರಾಬಾಯಿಯವರಿಗೆ ಕೇಳಿತ್ತು. ಎದೆ ಒಡೆಯುವುದೊಂದೇ ಬಾಕಿ. "ಬ್ರಾಹ್ಮಣರ ಮನಿ ಸೊಸಿ ಕೆಸರಾಗ ಬೀಳೂದೇನು? ಮೈಲಿಗಿ!"

"ಮಣ್ಣಿಗೆ ಎಲ್ಲಿ ಮೈಲಿಗಿ ಅತ್ಯಾ? ದಿನಾ ಹಣಿಗೆ ಹಚ್ಚೋ ಗೋಪಿಚಂದನ ಮಣ್ಣಲ್ಲೇನು? ಅದು ದ್ವಾರಕೀದು, ಇದು ಆಲೂರದು. ಅಷ್ಟ."

ಅತ್ತೆ ಜಪಸರ ಕೈಗೆ ತೆಗೆದುಕೊಂಡರು. ಅದು ಒಪ್ಪಿಗೆಯೋ ಪ್ರಾಯಶ್ಚಿತ್ತವೋ ತಿಳಿಯಲಿಲ್ಲ.

ಐತವಾರ ಬೆಳಿಗ್ಗೆ ತಂಪು ಹೊತ್ತಿನಲ್ಲೇ ಓಟವೆಂದು ಡಂಗುರ ಸಾರಿದ್ದರು. ಆದರೆ ಅಧ್ಯಕ್ಷತೆಗೆ ಬರಬೇಕಾದ ದೊಡ್ಡ ಸಾಹೇಬರು ಜೀಪಿನಿಂದ ಇಳಿಯುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಇಳಿದವರು "ಸೋದರೀಮಣುಲಾರಾ" ಎಂದು ತೆಲುಗಿನಲ್ಲಿ ಶುರುಮಾಡಿ, ಹೆಂಗಸರು ಎಷ್ಟು ಕೋಮಲರೆಂದು ಶಾಮಿಯಾನದ ನೆರಳಲ್ಲಿ ನಿಂತು ವಿವರಿಸಿದರು. ಕೋಮಲರೆಲ್ಲ ಬಿಸಿಲಲ್ಲಿ ನಿಂತು ಕೇಳಿದರು. ಕಾಲಡಿಯ ನೆಲ ಹೆಂಚಿನ ಹಾಗೆ ಸುಡುತ್ತಿತ್ತು. ಏರಿಯ ಮೇಲೆ ಊರಿಗೆ ಊರೇ ಕೂತು ಒಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿತ್ತು.

ಕಾವೇರಿಬಾಯಿ ಒಂಬತ್ತು ಗಜದ ಸೀರೆಯ ಕಚ್ಚೆ ಬಿಗಿದು ಗೆರೆಯ ಹಿಂದೆ ನಿಂತಳು. ಪಕ್ಕದಲ್ಲಿ ಸುಂಕಮ್ಮ. ದಿನವೂ ಮನೆ ಬಾಗಿಲಿಗೆ ಬದನೆಕಾಯಿ ತರುವವಳು, ಬುಟ್ಟಿ ಹೊತ್ತು ದೂರದ ಊರು ಪೆದ್ದಹರಿವಾಣದವರೆಗೂ ನಡೆದು ಬರುವ ಕಾಲು.

"ಅಮ್ಮಾರೆ, ನೀವೂ ಬಂದೀರೇನು? ಬ್ಯಾಡ್ರಿ, ಬಿದ್ದೀರಿ!"

"ಬೀಳೂದು ನಿನ್ನ ತಕ್ಕಡಿ, ಸುಂಕಮ್ಮ. ನೀ ಮುಂದ ನೋಡು."

"ಐತಿ ಮಜಾ ಇವತ್ತು!" ಎಂದು ಸುಂಕಮ್ಮ ಅಂಗೈ ಉಜ್ಜಿದಳು.

ಭೀಮಲಿಂಗಪ್ಪ ಮೈಕಿನಲ್ಲಿ ಕೂಗಿದರು: "ಕಡೀಕೆ ಎರಡು ಕಂಬಕ್ಕ ಅಡ್ಡ ಪಟ್ಟಿ ಕಟ್ಟೀವಿ. ಅದನ್ನ ಎದಿಯಿಂದ ಹರದು ಹೋದಾಕೀನೇ ಫಸ್ಟು! ಹರೀಲಿಲ್ಲಾ, ಲೆಕ್ಕಕ್ಕಿಲ್ಲ!"

ಸೀಟಿ ಊದಿದರು.

ಮೊದಲು ಹಗ್ಗದ ಚಪ್ಪರ. ಉಳಿದವರ ಜಡೆ ಹಗ್ಗಕ್ಕೆ, ಸೆರಗು ಗೂಟಕ್ಕೆ ಸಿಕ್ಕಿಬಿದ್ದವು. ಕಾವೇರಿಬಾಯಿ ಮಾತ್ರ ಒಂದು ಎಳೆಯೂ ಅಲುಗದಂತೆ ಆ ತುದಿಯಲ್ಲಿ ಎದ್ದಳು. ಹತ್ತಿ ಅಂಡಿಗೆಗಳ ಸಂದಿಯಲ್ಲಿ ದಢೂತಿ ಶಂಕರಮ್ಮ ಅಡ್ಡ ಬಂದಳು; ಉಚ್ಚೀರಪ್ಪನ ಎಮ್ಮೆಯಿಂದ ಮೈ ತಪ್ಪಿಸಿದವಳಿಗೆ ಶಂಕರಮ್ಮ ಯಾವ ಲೆಕ್ಕ? ಎಡಕ್ಕೆ ವಾಲಿ, ಬಲಕ್ಕೆ ಹೊರಳಿ, ಅಂಡಿಗೆ ಏರಿ ಹಾರಿದಳು. ಏರಿಯ ಮೇಲೆ ಬಜ್ಜಿ ತಿನ್ನುವವರ ಬಾಯಿ ತೆರೆದದ್ದು ತೆರೆದೇ ಇತ್ತು. ಆಕೆಗೆ ಆಗ ಹೊಳೆಯಿತು: ಈ ಓಟ ತನಗೆ ಹೊಸದಲ್ಲ. ತಾನು ದಿನಾ ಬೆಳಿಗ್ಗೆ ಓಡುವುದು ಇದನ್ನೇ. ಅದೂ ಎರಡು ಕೊಡ ಹೊತ್ತು.

ಕೆಸರಿನ ಗುಂಡಿಯಲ್ಲಿ ಮಾತ್ರ ಎರೆಮಣ್ಣು ತನ್ನ ಗುಣ ತೋರಿಸಿತು. ಒಂದು ಕಾಲು ಕಿತ್ತರೆ ಇನ್ನೊಂದನ್ನು ಹಿಡಿಯಿತು. ಆಕೆ ಮುಗ್ಗರಿಸಿ ಮಕಾಡೆ ಬಿದ್ದಳು. ಎದ್ದಾಗ ಹಣೆಯ ಕುಂಕುಮ, ಕೆನ್ನೆಯ ಅರಿಸಿನ, ಮೂಗು, ಬಾಯಿ ಎಲ್ಲ ಒಂದೇ ಬಣ್ಣ.

ಶಾಮಿಯಾನದಿಂದ ರಾಯರ ದನಿ ಬಂತು: "ಸಾಕು ಬಾ ಕಾವೇರಿ! ಡಾಕ್ಟರು ಊರಾಗ ಇಲ್ಲ!"

ಆ ಮಾತು ಬೆನ್ನಿಗೆ ಚಾಟಿ ಹೊಡೆದಂತಾಯಿತು. ಕೈ ಊರಿ, ಮೊಣಕಾಲು ಎಳೆದು, ಆಕೆ ಗುಂಡಿಯಿಂದ ಹೊರಬಿದ್ದು ಓಡಿದಳು. ಸುಂಕಮ್ಮ ಇನ್ನೂ ಹಿಂದೆ. ಮುಂದೆ ಯಾರೂ ಇಲ್ಲ. ಎರಡು ಕಂಬ. ಕಂಬಗಳ ನಡುವೆ ಗಾಳಿಗೆ ಅಲುಗುವ ಬಿಳಿ ಅರಿವೆ. ಅದಕ್ಕೊಂದು ಕೆಂಪಂಚು.

ಕಾವೇರಿಬಾಯಿ ಸೊಂಟ ಬಗ್ಗಿಸಿದಳು. ತಲೆಗೂದಲು ಕೂಡ ತಗುಲದ ಹಾಗೆ ಅದರಡಿ ನುಸುಳಿ ಆಚೆಗೆ ಹೋಗಿ ನಿಂತಳು.

ಅಷ್ಟರಲ್ಲಿ ಸುಂಕಮ್ಮ ಕೂಗುತ್ತ ಬಂದು ಎದೆಯೊಡ್ಡಿ ಅರಿವೆಯನ್ನು ಪರ್ರನೆ ಹರಿದಳು.

"ಸುಂಕಮ್ಮ ಫಸ್ಟು!" ಎಂದರು ಭೀಮಲಿಂಗಪ್ಪ.

"ಫಸ್ಟು ನಾ ಬಂದೀನಿ ಮಾಸ್ತರ!"

"ಬಂದೀರಿ ತಾಯಿ, ಎಲ್ಲಾರೂ ನೋಡ್ಯಾರ. ಆದ್ರ ಹರೀಲಿಲ್ಲಲ್ಲ? ಅದರ ಕೆಳಗ ಯಾಕ ಬಗ್ಗಿದ್ರಿ?"

ಯಾಕೆಂದು ಏನು ಹೇಳುವುದು? ಆಕೆ ಹರಿದ ತುಂಡನ್ನು ಎತ್ತಿ ನೋಡಿದಳು. ಅನುಮಾನವೇ ಇರಲಿಲ್ಲ. ಕಟ್ಟಲು ರಿಬ್ಬನ್ ತರುವುದನ್ನು ಎಲ್ಲರೂ ಮರೆತಿದ್ದರು. ಆಗ ಕರ್ತವ್ಯದಕ್ಷರಾದ ರಾಯರು, ಸಾಹೇಬರ ಕುರ್ಚಿ ಒರೆಸಲೆಂದು ಮನೆಯಿಂದ ತಂದಿದ್ದ ತಮ್ಮ ಹಳೆಯ ಪಂಚೆಯ ಅಂಚು ಸೀಳಿ ಕೊಟ್ಟಿದ್ದರು.

"ಬೇಕಂತ ಮಾಡೀರಿ!"

"ಗುರುರಾಯರ ಆಣಿ! ನೀ ಬಗ್ಗತೀ ಅಂತ ನನಗೇನು ಕನಸು ಬಿದ್ದಿತ್ತೇನು?" ಎಂದು ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಏರಿಯೆಲ್ಲ ನಕ್ಕಿತು. ಸಾಹೇಬರು ತೆಲುಗಿನಲ್ಲಿ ನಕ್ಕರು.

ಮನೆ ಮುಟ್ಟುವಷ್ಟರಲ್ಲಿ ಬಿಸಿಲಿಗೆ ಎರೆಮಣ್ಣು ಒಣಗಿ, ಒಂಬತ್ತು ಗಜವೂ ಹಲಗೆಯಾಗಿ, ಕಾವೇರಿಬಾಯಿ ಕೂರಲಾರದೆ ಗೊಮ್ಮಟನ ಹಾಗೆ ಅಂಗಳದಲ್ಲಿ ನಿಂತಳು. ಗೆದ್ದ ಕೊಡದಲ್ಲೇ ನೀರು ತಂದು ಸುರಿದವಳು ಸುಂಕಮ್ಮ. ನೀರು ಬೀದಿ ನಲ್ಲಿಯದು. ಚರ್ಮದ ಬಿಲ್ಲೆಯ ಮಾತನ್ನು ಆಗ ಯಾರೂ ಎತ್ತಲಿಲ್ಲ.

ರಾಯರು ಪಡಸಾಲೆಯಲ್ಲಿ ಕಾಲು ಚಾಚಿದ್ದರು. "ನೆಪ್ಪಿರಲಿ ಕಾವೇರಿ. ಇನ್ನ ನೀರಿನ ಮಾತು ಎತ್ತಂಗಿಲ್ಲ. ಸಾಯೂತನಕಾ."

"ಎತ್ತಂಗಿಲ್ರಿ," ಎಂದಳು ಆಕೆ. "ಸೋತೀನಿ, ಎತ್ತಂಗಿಲ್ಲ."

ಆ ಸಲೀಸು ದನಿಗೆ ರಾಯರು ಹೆದರಬೇಕಿತ್ತು. ಹೆದರಲಿಲ್ಲ. ಉಟ್ಟ ಪಂಚೆ ಬಿಚ್ಚಿ ದಾರದ ಮೇಲೆ ಎಸೆದರು.

ಮರುದಿನ ಬೆಳಿಗ್ಗೆ ಕಾವೇರಿಬಾಯಿ ಮನೆಯಲ್ಲಿದ್ದ ಕಡೆಯ ತಂಬಿಗೆ ನೀರನ್ನೂ ಸುರಿದುಕೊಂಡು ಮಡಿಯುಟ್ಟು, ಎರಡು ಕೊಡ ಹಿಡಿದು ಒಳಗಿನಿಂದ ಬಂದಳು. ಪಂಚೆ ಇತ್ತು. ಕೆಂಪಂಚು ಇತ್ತು. ರಾಯರು ಕಾಫಿಯ ಲೋಟ ಹಿಡಿದು ಕೂತಿದ್ದರು, ಅತ್ತೆ ಕಂಬಕ್ಕೊರಗಿ ಜಪ ಮಾಡುತ್ತಿದ್ದರು. ಆಕೆ ಕೊಡಗಳನ್ನು ಮೆಲ್ಲನೆ ಕೆಳಗಿಟ್ಟಳು. ಕಚ್ಚೆ ಬಿಗಿದಳು. ಅಡುಗೆಮನೆಯ ಹೊಸ್ತಿಲವರೆಗೆ ಹಿಂದಕ್ಕೆ ಹೋದಳು.

"ಏನ ಅದು? ಏನು ಮರತಿ?" ಎಂದರು ರಾಯರು.

ಆಕೆ ಓಡಿದಳು. ಈ ಸಲ ಬಗ್ಗಲಿಲ್ಲ. ಎದೆಯೊಡ್ಡಿ ನುಗ್ಗಿದ ರಭಸಕ್ಕೆ ದಾರ ಪಟ್ಟನೆ ಹರಿಯಿತು, ಮೊಳೆ ಕಿತ್ತು ಹಾರಿತು, ಪಂಚೆ ಆಕೆಯ ಹೆಗಲ ಮೇಲೆ ಜರತಾರಿ ಶಾಲಿನಂತೆ ಬಿತ್ತು. ಬಾಗಿಲಲ್ಲಿ ಬದನೆಕಾಯಿ ಬುಟ್ಟಿ ಇಳಿಸುತ್ತಿದ್ದ ಸುಂಕಮ್ಮ ಎರಡು ಬೆರಳು ಬಾಯಿಗಿಟ್ಟು ಸೀಟಿ ಊದಿದಳು.

"ಅಮ್ಮಾರು ಫಸ್ಟು!"

"ಅತ್ಯಾ," ಎಂದಳು ಕಾವೇರಿಬಾಯಿ, ಉಸಿರು ಬಿಡುತ್ತ, "ನನಗ ಮೈಲಿಗಿ ಆತು."

ಅತ್ತೆಯ ಜಪಸರ ನಿಂತಿತು. "ಮತ್ತ ಸ್ನಾನ ಮಾಡು."

"ಮಾಡ್ತಿದ್ದೆ ಅತ್ಯಾ. ಆದ್ರ ಮನಿಯಾಗ..." ಎಂದು ಆಕೆ ನಾಲಿಗೆ ಕಚ್ಚಿಕೊಂಡಳು. "ಬ್ಯಾಡ. ನಾ ಆ ಮಾತು ಎತ್ತೂ ಹಂಗಿಲ್ಲ."

ಹಂಡೆ ಖಾಲಿ, ಕೊಡ ಖಾಲಿ, ದೇವರ ತಂಬಿಗೆಯೂ ಖಾಲಿ. ಹೊತ್ತು ಏರುತ್ತಿತ್ತು. ನೈವೇದ್ಯವಿಲ್ಲದೆ ಅತ್ತೆ ಬಾಯಿಗೆ ಹನಿ ನೀರು ಬಿಡುವವರಲ್ಲ. ಅವರ ಪೊರೆಗಣ್ಣು ಪಡಸಾಲೆಯನ್ನೆಲ್ಲ ಸುತ್ತಿ ಬಂದು ಮಗನ ಮೇಲೆ ನೆಟ್ಟಿತು.

"ಸೇತು. ಲೋಟ ಕೆಳಗಿಡು."

"ಅವ್ವಾ, ಆಫೀಸು..."

"ನಾಲ್ಕು ಹೆಜ್ಜಿ ಅಂದಿದ್ದೆಲ್ಲಾ? ಏಳು!"

ಆ ದಿನ ಓಣಿಯ ಜನ ಆಫೀಸು, ಹೊಲ, ಅಂಗಡಿ ಮರೆತು ಕಟ್ಟೆಯ ಮೇಲೆ ಕೂತರು. ಗಂಡಸಾದ್ದರಿಂದ ಬಾವಿಕಟ್ಟೆಯಲ್ಲೇ ಮಿಂದ ರಾಯರು ಒದ್ದೆ ಪಂಚೆಯಲ್ಲಿ, ಎರಡು ತುಂಬಿದ ಕೊಡ ಹಿಡಿದು, ಉಚ್ಚೀರಪ್ಪನ ಎಮ್ಮೆಯ ಮುಂದೆ ನಿಂತರು. ಎಮ್ಮೆ ಅವರನ್ನು ನೋಡಿತು. ಬಾಲ ಬೀಸಿತು.

"ತಾಕ್ತು! ಚೆಲ್ಲು!" ಬಾಗಿಲಿಂದ ಮಥುರಾಬಾಯಿಯವರ ಕೂಗು. ಶಾಸ್ತ್ರದ ಮುಂದೆ ಮಗನೆಂಬ ದಾಕ್ಷಿಣ್ಯವಿಲ್ಲ.

ಎರಡನೆಯ ಸಲ ಬಂಡಿಯ ಮೂಗು ತಾಕಿತು. ಮೂರನೆಯ ಸಲ ಗಟಾರವೇ ಅವರನ್ನು ಒಳಗೆ ಕರೆದುಕೊಂಡಿತು. ಕಾವೇರಿಬಾಯಿ ಹೊಸ್ತಿಲ ಮೇಲೆ ಪಂಚೆ ಹೊದ್ದು ಕೂತು, ಸುಂಕಮ್ಮನ ಜೊತೆ ಬದನೆಕಾಯಿ ಆರಿಸುತ್ತ, ನೀರಿನ ಬಗ್ಗೆ ಒಂದೂ ಮಾತಾಡದೆ ನೋಡಿದಳು. ಬಿಸಿಲು ಏರಿದ ಮೇಲೆ, ಕೊನೆಗೂ, ಎರಡು ಕೊಡ ಮಡಿನೀರು ಒಳಗೆ ಬಂತು.

"ಇಕೋ," ಎಂದು ರಾಯರು ಏದುಸಿರು ಬಿಡುತ್ತ ಒಂದನ್ನು ಹೆಂಡತಿಯ ಕಡೆ ಸರಿಸಿದರು. "ಸುರುವಿಕೊಂಡು ಒಲಿ ಹಚ್ಚು."

"ಏ, ಮುಟ್ಟಿಸಬ್ಯಾಡ ಆಕಿಗೆ!" ಎಂದರು ಅತ್ತೆ. "ಇಷ್ಟು ನೀರು ಅಡಿಗಿಗೆ ಸಾಲೂದೇ ಕಷ್ಟ. ಈಗ ಮನಿಯಾಗ ಮಡೀಲೆ ಇರಾಂವ ನೀನೊಬ್ಬನ. ಅಡಿಗಿ ನೀನ ಮಾಡು."

ಕಾವೇರಿಬಾಯಿಯ ಮುಖದಲ್ಲಿ ನಗು ಅರಳಿತು. ಅರ್ಧ ಅರಳಿ ನಿಂತಿತು. ಗಂಡ ಅಡುಗೆ ಮಾಡಿದರೆ ಅದನ್ನು ಉಣ್ಣಬೇಕಾದವರು ಯಾರೆಂಬುದು ಆಕೆಗೆ ಆಗಷ್ಟೇ ಹೊಳೆದಿತ್ತು.

ಮಧ್ಯಾಹ್ನ ಎಲೆಯ ಮೇಲೆ ಬಿದ್ದ ಅನ್ನ ಕೆರೆಯ ಎರೆಮಣ್ಣಿನಷ್ಟೇ ಗಟ್ಟಿಯಾಗಿ ಬೆರಳು ಹಿಡಿಯಿತು. ಸಾರಿನಲ್ಲಿ ಹುಣಸೆ ಒಂದು ಕಡೆ, ಉಪ್ಪು ಹತ್ತು ಕಡೆ. ಅತ್ತೆ ಏಕಾದಶಿ ಇವತ್ತೇ ಇರಬಾರದಿತ್ತೇ ಎಂದು ಗೊಣಗಿದರು. ರಾಯರು ಸೌಟು ಹಿಡಿದು ಹೆಂಡತಿಯ ಎಲೆಯ ಮುಂದೆ ನಿಂತಿದ್ದರು. ಆಕೆ ಮುಖ ಒಂದಿಷ್ಟು ಕಿವುಚಲಿ, ಕೊಡ ಸೌಟು ಎರಡೂ ಆಕೆಗೇ ವಾಪಸು, ಈಗಿಂದೀಗಲೇ ಎಲ್ಲ ಲೆಕ್ಕ ಚುಕ್ತಾ ಎಂಬಂತೆ ಅವರ ಕಣ್ಣು ಮಿನುಗುತ್ತಿತ್ತು.

"ಹೆಂಗ ಆಗ್ಯದ?"

ಕಾವೇರಿಬಾಯಿ ಆ ತುತ್ತನ್ನು ನುಂಗಿದಳು. ಕಣ್ಣಲ್ಲಿ ನೀರು ಬಂತು. (ಅದರ ಮಾತನ್ನೂ ಆಕೆ ಎತ್ತಲಿಲ್ಲ.) ಬೆನ್ನು ನೆಟ್ಟಗೆ ಮಾಡಿ, ಎಲೆಯನ್ನು ಗಂಡನ ಕಡೆ ಸರಿಸಿದಳು.

"ಭೇಷ್ ಆಗ್ಯದ. ಇನ್ನೊಂದು ಸೌಟು ಹಾಕ್ರಿ."